ಅಪ್‌ಡೇಟ್: ಜಾವಾ 17ರಲ್ಲಿ ವೆಬ್ ಸರ್ವಿಸ್ ಕೊನೆಗೂ ಓಡಿತು

ಟಾಮ್‌ಕ್ಯಾಟ್‌ನಂಥ ಪ್ರತ್ಯೇಕ ಸರ್ವರ್ ಇಲ್ಲದೆ ಸಣ್ಣ ಸೋಪ್ ಸರ್ವಿಸ್ (ಎಕ್ಸ್‌ಎಂಎಲ್ ಸಂದೇಶಗಳಲ್ಲಿ ಮಾತಾಡುವ ವೆಬ್ ಸರ್ವಿಸ್) ಓಡಿಸಹೋದರೆ ‘ಜಾವಾಎಕ್ಸ್.ಜೆಡಬ್ಲ್ಯೂಎಸ್ ಪ್ಯಾಕೇಜ್ ಇಲ್ಲ’ ಅನ್ನುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಕಿಟ್) ಮತ್ತೆ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಹೇಗೆ ಆದೀತು? 2018ರ ಜಾವಾ 11ರಲ್ಲೇ ಆ ಭಾಗವನ್ನು ತೆಗೆದುಬಿಟ್ಟಿದ್ದಾರೆ!

ಲೈಬ್ರರಿಗಳನ್ನು ತಂದುಕೊಡುವ ಮೇವನ್ ಟೂಲ್‌ನಲ್ಲಿ ಜಾಕ್ಸ್‌ಡಬ್ಲ್ಯೂಎಸ್-ಆರ್‌ಟಿ ಲೈಬ್ರರಿ ಸೇರಿಸಿ ಎಂದವರ ಸಲಹೆ ಕೆಲಸ ಮಾಡಿತು. ಹಳೆಯ ಕೋಡ್ ಇದ್ದರೆ ಅದರ 2.3 ಆವೃತ್ತಿಯದೇ ಹಾಕಿ. 3ರಿಂದ ಪ್ಯಾಕೇಜ್ ಹೆಸರಿನಲ್ಲಿ ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ, ಇಂಪೋರ್ಟ್‌ಗಳನ್ನೆಲ್ಲ ತಿದ್ದಬೇಕು, ಸುಮ್ನೆ ತಲೆನೋವು. ಆಮೇಲೆ ಸರ್ವಿಸ್ ಶುರುಮಾಡಲು ಮೇನ್ ಮೆಥಡ್‌ನಲ್ಲಿ ಎಂಡ್‌ಪಾಯಿಂಟ್.ಪಬ್ಲಿಷ್ ಒಂದೇ ಸಾಲು ಸಾಕು.

ಗೊತ್ತೇ ಇರದಿದ್ದ ವಿಷಯ: ಸೋಪ್ ಬೇಡವೆಂದರೆ, ಜಾವಾ 6ರಿಂದಲೇ ಜೆಡಿಕೆ ಒಳಗೊಂದು ಎಚ್‌ಟಿಟಿಪಿ ಸರ್ವರ್ ಕ್ಲಾಸ್ ಇದೆಯಂತೆ.

ಪುಣೆ ಹಿಂಜವಡಿಯ ನಮ್ಮ ಪಿಜಿಯಲ್ಲಿ ಊಟದ ಮೆನು ಹೇಳುವ ಸರ್ವಿಸ್ ಈಗ ಓಡುತ್ತಿದೆ. ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲೂ ತೆರೆಯಬೇಕಾದರೆ ಪಬ್ಲಿಷ್‌ಗೆ ಕೊಡುವ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಬದಲು 0.0.0.0 ಕೊಡಿ.