ಎತ್ತಿಕೊಂಡರೆ ಮಗುವಿನ ಅಳು ಜಾಸ್ತಿ ಆಗುತ್ತದಾ?

ರಾತ್ರಿಪಾಳಿ: ಮಗುವಿಗೆ ಈಗ ಐದು ವಾರ. ಸಂಜೆಯಾದರೆ ಸಾಕು, ಅಳು ಶುರು. ಹೊಟ್ಟೆ ತುಂಬಿರುತ್ತದೆ, ಬಟ್ಟೆ ಒದ್ದೆ ಇರುವುದಿಲ್ಲ. "ಎತ್ತಿ ಎತ್ತಿ ನೀವೇ ಅಭ್ಯಾಸ ಮಾಡಿಸಿದ್ದೀರಿ" ಅಂತಾರೆ ಮನೆಯವರು. ನಿಜವಾ?

ಹಳೇತಲೆ: ನಿಜವೇ. ಕುಂಯ್ ಅಂದ ತಕ್ಷಣ ಎತ್ತಿಕೊಂಡರೆ ಕೆಳಗೆ ಮಲಗುವುದೇ ಇಲ್ಲ. ನಮ್ಮ ಮಕ್ಕಳನ್ನು ಸ್ವಲ್ಪ ಅಳಲು ಬಿಟ್ಟೇ ಬೆಳೆಸಿದ್ದು.

ತೊಟ್ಟಿಲು: ಐದು ವಾರದ ಕೂಸಿಗೆ ಹಠ ಎಲ್ಲಿಂದ ಬರಬೇಕು ಸರ್? ಹುನ್ಜಿಕರ್, ಬಾರ್ ಎಂಬ ಇಬ್ಬರು 1986ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರನೇ ವಾರದಲ್ಲಿ ಶೇ 43ರಷ್ಟು ಕಡಿಮೆ ಅತ್ತವು.

ಅರೆನಿದ್ರೆ: ಆ 43ನ್ನು ಎಲ್ಲರೂ ಹೇಳುತ್ತಾರೆ. ಮುಂದೆ ಬಾರ್ ಅವರೇ, ವಿಪರೀತ ಅಳುವ ಮಕ್ಕಳ ಮೇಲೆ ಅದನ್ನೇ ಮಾಡಿದಾಗ ಫಲ ಕಾಣಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ಸುಮ್ನೆ ಕಿರಿಕಿರಿಗೆ ಅಳುವ ಮಗು ಎತ್ತಿಕೊಂಡರೆ ಸಮಾಧಾನ ಆಗುತ್ತದೆ. ಏನು ಮಾಡಿದರೂ ನಿಲ್ಲದ ಸಂಜೆ ಅಳು ಬೇರೆ.

ತೊಟ್ಟಿಲು: ಅದೇನೋ ಸರಿ. ಆದರೂ ಎತ್ತಿಕೊಂಡಿದ್ದಕ್ಕೇ ಅಳು ಜಾಸ್ತಿಯಾಯ್ತು ಅಂತ ಎಲ್ಲೂ ಬಂದಿಲ್ಲ, ಅಲ್ವಾ?

ಅರೆನಿದ್ರೆ: ಇಲ್ಲ. ವಯಸ್ಸಿನ ಪಾತ್ರವೇ ದೊಡ್ಡದು. ಅಳು ಎರಡನೇ ವಾರದ ಹೊತ್ತಿಗೆ ಏರಲು ಶುರುವಾಗಿ, ಆರನೇ ವಾರದ ಆಸುಪಾಸಿನಲ್ಲಿ ತುತ್ತತುದಿ ಮುಟ್ಟಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಅವಧಿಗೆ ಮುಂಚೆ ಹುಟ್ಟಿದವರಿಗೆ ಈ ಆರು ವಾರವನ್ನು ಹುಟ್ಟಿದ ದಿನದಿಂದಲ್ಲ, ಡಾಕ್ಟರು ಕೊಟ್ಟಿದ್ದ ಡ್ಯೂ ಡೇಟಿನಿಂದ ಎಣಿಸಬೇಕು. ಅಂದರೆ ನಾವು ಎತ್ತಿದ್ದು ಬಿಟ್ಟಿದ್ದಕ್ಕಿಂತ ಮಿದುಳು ಎಷ್ಟು ಬಲಿತಿದೆ ಅನ್ನುವುದೇ ಮುಖ್ಯ ಅಂತ ನನ್ನ ಲೆಕ್ಕ.

ಹಳೇತಲೆ: ಗ್ಯಾಸ್ ಇರಬಹುದು. ಡ್ರಾಪ್ಸ್ ಹಾಕಿ ನೋಡಿ.

ದಾದಿ: ಸಿಮೆಥಿಕೋನ್ ಡ್ರಾಪ್ಸ್ ಬಗ್ಗೆ ಪರೀಕ್ಷೆಗಳಾಗಿವೆ. ಔಷಧಿಯೇ ಇಲ್ಲದ ಹುಸಿ ಡ್ರಾಪ್ಸ್‌ಗಿಂತ ಮೇಲು ಅಂತ ಸಾಬೀತಾಗಿಲ್ಲ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಆಗಿಬರುವುದಿಲ್ಲ. ಆಗ ಮಲದಲ್ಲಿ ರಕ್ತ, ಮೈಮೇಲೆ ಗಂಧೆ, ವಾಂತಿ ಹೀಗೆ ಬೇರೆ ಗುರುತುಗಳೂ ಇರುತ್ತವೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ? ಅದಕ್ಕೂ ಇಂಥ ಅಳುವಿಗೂ ನಂಟು ಕಂಡಿದೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತು. ತಾಳ್ಮೆ ಕೆಟ್ಟರೆ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಬನ್ನಿ. ಯಾವ ಕಾರಣಕ್ಕೂ ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ರಾತ್ರಿಪಾಳಿ: ಸಿಗರೇಟಿಲ್ಲ, ಜ್ವರವಿಲ್ಲ, ತೂಕ ಸರಿಯಾಗಿ ಏರುತ್ತಿದೆ. ಆದರೆ ಹುಟ್ಟಿದ್ದು ಮೂರು ವಾರ ಮುಂಚೆ. ಅರೆನಿದ್ರೆಯವರ ಲೆಕ್ಕದಲ್ಲಿ ನಮ್ಮದು ಇನ್ನೂ ಎರಡನೇ ವಾರ! ಏರುವುದೆಲ್ಲ ಮುಂದಿದೆ ಅಂತಾಯ್ತು.

ಹಳೇತಲೆ: ಅಯ್ಯೋ ಪಾಪ. ಹಾಗಾದರೆ ಎತ್ತಿಕೊಳ್ಳಿ ಬಿಡಿ. ಆದರೆ ಅಭ್ಯಾಸ ಆಗೇ ಆಗುತ್ತದೆ, ಆ ಮಾತು ಮಾತ್ರ ನಾನು ಬಿಡುವುದಿಲ್ಲ.