ಹಾಸಿಗೆಯ ಕೆಳಗೆ ಏನಿರಬೇಕು? ಬಡಗಿಯೊಬ್ಬರ ಜೊತೆ ಪ್ರಶ್ನೋತ್ತರ

ಮಂಚ, ವಾರ್ಡ್‌ರೋಬ್ ಮಾಡುವ ನಮ್ಮ ಗುಂಪಿನ ಸದಸ್ಯರೊಬ್ಬರು ಈ ವಾರ ಪ್ರಶ್ನೆಗಳಿಗೆ ಉತ್ತರ ಕೊಡಲು ಒಪ್ಪಿದ್ದಾರೆ. ಕೇಳುವವರು ಹಾಸಿಗೆ ಯಾವ ಬಗೆಯದು, ಅಳತೆ ಎಷ್ಟು ಅಂತ ಬರೆಯಿರಿ.

ಪ್ರಶ್ನೆ (ಮೈಸೂರು): 8 ಇಂಚಿನ ಮೆಮೊರಿ ಫೋಮ್ ಹಾಸಿಗೆ ತಂದು ಇನ್ನೂ ವರ್ಷ ತುಂಬಿಲ್ಲ, ನಡುವೆ ತಗ್ಗು ಬಿದ್ದಿದೆ. ಅಂಗಡಿಯವರು ಬಂದು ನೋಡಿ, "ಹಾಸಿಗೆ ಸರಿ ಇದೆ, ಮಂಚ ಸರಿ ಇಲ್ಲ, ವಾರಂಟಿ ಬರಲ್ಲ" ಅಂದರು. ನಮ್ಮದು ಸ್ಟೋರೇಜ್ ಇರುವ 78×72 ಕಿಂಗ್ ಸೈಜ್ ಮಂಚ, ಮೇಲೆ ಪ್ಲೈವುಡ್ ಹಲಗೆ. ಹಲಗೆ ಇದ್ದ ಮೇಲೆ ತಗ್ಗು ಹೇಗೆ ಬೀಳುತ್ತೆ? ಜಾರಿಕೊಳ್ತಿದ್ದಾರಾ?

ಉತ್ತರ: ಜಾರಿಕೊಳ್ತಿರಬಹುದು, ನಿಜ ಹೇಳ್ತಿರಲೂಬಹುದು. ಪತ್ತೆ ಹಚ್ಚೋದು ಕಷ್ಟ ಅಲ್ಲ. ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ. ಹಲಗೆಯ ಒಂದು ಅಂಚಿಂದ ಇನ್ನೊಂದು ಅಂಚಿಗೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ, ಅಡ್ಡಕ್ಕೂ ಉದ್ದಕ್ಕೂ. ನಡುವೆ ದಾರದ ಕೆಳಗೆ ಬೆರಳು ತೂರಿದರೆ ಹಲಗೆ ಬಾಗಿದೆ ಅಂತಲೇ ಅರ್ಥ. ದಾರ ತಾಗಿಕೊಂಡೇ ಇದ್ದರೆ ಒಬ್ಬರನ್ನು ನಡುವೆ ಕೂರಿಸಿ ಮತ್ತೆ ನೋಡಿ. ಅದರಲ್ಲೂ ಪಾಸಾದರೆ ಹಾಸಿಗೆಯನ್ನು ಟೈಲ್ಸ್ ನೆಲದ ಮೇಲೆ ಹಾಕಿ ಎರಡು ಮೂರು ರಾತ್ರಿ ಮಲಗಿ. ನೆಲದ ಮೇಲೂ ತಗ್ಗು ಹಾಗೇ ಉಳಿದರೆ ದೋಷ ಹಾಸಿಗೆಯದ್ದು. ತಗ್ಗಿನ ಮೇಲೆ ಉದ್ದನೆ ಪಟ್ಟಿ ಅಡ್ಡ ಇಟ್ಟು, ಆಳ ಕಾಣುವ ಹಾಗೆ ಫೋಟೊ ತೆಗೆದು ಕಳಿಸಿ. ಆಗ ಅವರಿಗೆ ಮಾತಾಡೋಕೆ ಜಾಗ ಇರಲ್ಲ.

ಪ್ರಶ್ನೆ (ಮೈಸೂರು, ಮತ್ತೆ): ದಾರ ಹಿಡಿದು ನೋಡಿದೆ. ಬೆರಳು ಸಲೀಸಾಗಿ ಹೋಗ್ತಿದೆ! ಹಲಗೆ ಎಷ್ಟು ದಪ್ಪ ಅಂತ ಅಳೆದರೆ 6 ಎಂಎಂ. ಮಂಚವನ್ನೇ ಬದಲಿಸಬೇಕಾ?

ಉತ್ತರ: ಬೇಡ. 6 ಎಂಎಂ ಪ್ಲೈ ಕಪಾಟಿನ ಹಿಂಬದಿಗೆ ಸರಿ, ಇಬ್ಬರು ಮಲಗುವ ಮಂಚಕ್ಕೆ ಅಲ್ಲ. ದಪ್ಪ ಎರಡು ಪಟ್ಟಾದರೆ ಹಲಗೆಯ ಬಿಗಿ ಎರಡಲ್ಲ, ಎಂಟು ಪಟ್ಟಾಗುತ್ತೆ. ಅಂದರೆ ಅಷ್ಟೇ ಭಾರಕ್ಕೆ 12 ಎಂಎಂ ಹಲಗೆ ಬಾಗೋದು 6 ಎಂಎಂ ಹಲಗೆಯ ಎಂಟರಲ್ಲೊಂದು ಪಾಲು. ಅಂಗಡಿಯ ರೆಡಿಮೇಡ್ ಮಂಚಗಳಲ್ಲಿ ದುಡ್ಡು ಉಳಿಸೋದೇ ಇಲ್ಲಿ, ಯಾಕಂದರೆ ತಲೆಬದಿಯ ಕೆತ್ತನೆ ನೋಡುವ ಗಿರಾಕಿ ಹಾಸಿಗೆ ಎತ್ತಿ ನೋಡಲ್ಲ.

ಹಲಗೆಗಿಂತ ಮುಖ್ಯವಾದದ್ದು ಅದರ ಕೆಳಗಿನ ಆಧಾರ. 72 ಇಂಚು ಅಗಲಕ್ಕೆ ಎರಡು ಬದಿ ಮಾತ್ರ ಹೊರುತ್ತಿದ್ದರೆ 18 ಎಂಎಂ ಹಾಕಿದರೂ ಒಂದಿನ ಬಾಗುತ್ತೆ. ತಲೆಯಿಂದ ಕಾಲಿನ ತನಕ ನಡುವೆ ಒಂದು ತೊಲೆ, ಅದಕ್ಕೆ ನೆಲ ಮುಟ್ಟುವ ಒಂದೋ ಎರಡೋ ಕಾಲು ಬೇಕೇ ಬೇಕು. ಕ್ವೀನ್ ಸೈಜಿಗೂ ಇದೇ ಮಾತು. ನಿಮ್ಮದು ಸ್ಟೋರೇಜ್ ಮಂಚ ಅಂದರೆ ಪೆಟ್ಟಿಗೆಯ ನಡುವೆ ಒಂದು ಗೋಡೆ ಇರಬೇಕು. ಅದರ ನೆತ್ತಿ ಹಲಗೆಗೆ ನಿಜವಾಗಿ ತಾಗುತ್ತಾ ನೋಡಿ. ಕಾಲು ಇಂಚು ಕೆಳಗೇ ನಿಂತಿದ್ದರೆ ಅದು ಇದ್ದೂ ಇಲ್ಲದ ಹಾಗೆ. ತಾಗದಿದ್ದರೆ ಮೇಲೊಂದು ರೀಪು (ಮರದ ಸಣ್ಣ ಪಟ್ಟಿ) ಹೊಡೆಸಿ, ಹಲಗೆಯನ್ನು 12 ಎಂಎಂಗೆ ಬದಲಿಸಿ. 18 ಆದರೆ ಇನ್ನೂ ನಿಶ್ಚಿಂತೆ, ಆದರೆ ಎತ್ತಿ ತೆಗೆಯುವ ಹಲಗೆಯಾದ್ದರಿಂದ ಭಾರ ಆಗುತ್ತೆ. ಪ್ಲೈ ಮೇಲ್ಮೈಯ ಎಳೆ ಆಧಾರದಿಂದ ಆಧಾರಕ್ಕೆ ಓಡಬೇಕು, ಅಂದರೆ ನಿಮ್ಮ ಮಂಚದಲ್ಲಿ ಅಡ್ಡಕ್ಕೆ. ಮರದ ಪುಡಿ, ನಾರು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಅಗ್ಗ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಒಮ್ಮೆ ಬಾಗಿದರೆ ಅವು ವಾಪಸ್ ಬರಲ್ಲ.

ಪ್ರಶ್ನೆ (ಶಿರಸಿ): ನಮ್ಮಲ್ಲಿ ಆಷಾಢ ಬಂತೆಂದರೆ ಹಾಸಿಗೆಯ ಕೆಳಬದಿಗೆ ಬೂಷ್ಟು. ಹಲಗೆ ಚೆನ್ನಾಗಿದೆ, ದಪ್ಪವೂ ಇದೆ, ಮೇಲೆ ಸನ್‌ಮೈಕಾ ಹಾಕಿಸಿದ್ದೇವೆ. ಹಲಗೆಗೆ ತೂತು ಕೊರೆಸಿದರೆ ಸಾಕಾ, ಹಲಗೆ ಬದಲು ಸಂದು ಬಿಟ್ಟು ಮರದ ಪಟ್ಟಿ ಹೊಡೆದ ಪಟ್ಟಿ ಮಂಚ ಮಾಡಿಸಬೇಕಾ?

ಉತ್ತರ: ಮಳೆನಾಡಿಗೆ ಪಟ್ಟಿ ಮಂಚವೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮಲಗಿದವರ ಬೆವರಿನ ಆವಿ ರಾತ್ರಿಯಿಡೀ ಕೆಳಗಿಳಿಯುತ್ತೆ, ತಣ್ಣಗಿನ ಹಲಗೆ ಸಿಕ್ಕಲ್ಲಿ ಪಸೆಯಾಗಿ ನಿಲ್ಲುತ್ತೆ. ಬರೀ ಮರವಾದರೆ ಸ್ವಲ್ಪ ಹೀರಿಕೊಳ್ತಿತ್ತು, ಸನ್‌ಮೈಕಾ ಅದನ್ನೂ ಹೀರಲ್ಲ. ಮಂಚದ ಮೇಲ್ಭಾಗಕ್ಕೆ ಸನ್‌ಮೈಕಾ ಹಾಕಿಸೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ, ಅದನ್ನು ನೋಡುವವರು ಯಾರು?

ಪಟ್ಟಿ ಹೊಡೆಸುವುದಾದರೆ 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಮಧ್ಯದ ಸಂದು ಎರಡೂವರೆ ಇಂಚು, ಏನೇ ಆದರೂ 3 ದಾಟಬಾರದು. ದಾಟಿದರೆ ಫೋಮ್, ಲ್ಯಾಟೆಕ್ಸ್ ಹಾಸಿಗೆಗಳು ಸಂದಿನೊಳಗೆ ಇಳಿಯುತ್ತವೆ. ಈ ಲೆಕ್ಕಕ್ಕೆ 78 ಇಂಚು ಉದ್ದಕ್ಕೆ 14-15 ಪಟ್ಟಿ ಬೇಕಾಗುತ್ತೆ. ಹತ್ತೇ ಪಟ್ಟಿಯಲ್ಲಿ ಮುಗಿಸುತ್ತೇನೆ ಅನ್ನುವ ಆಚಾರಿ ಸಿಕ್ಕರೆ ಮುಂದಕ್ಕೆ ಹೋಗಿ. ಮರ ಚೆನ್ನಾಗಿ ಒಣಗಿರಲಿ. ಹಸಿ ಅಕೇಶಿಯಾ ತಂದು ಹೊಡೆದರೆ ಮುಂದಿನ ಬೇಸಿಗೆಗೆ ತಿರುಚಿಕೊಳ್ಳುತ್ತೆ. ಒಣಗಿದ ಮತ್ತಿ, ಹಲಸು ನಿಮ್ಮ ಕಡೆ ಸಿಗುತ್ತಲ್ಲ.

ಇರುವ ಹಲಗೆಯಲ್ಲೇ ಸುಧಾರಿಸಬೇಕು ಅಂದರೆ ಸನ್‌ಮೈಕಾ ಕೀಳಿಸಿ, 6 ಇಂಚಿಗೊಂದರಂತೆ 1 ಇಂಚಿನ ತೂತು ಕೊರೆಸಿ. ಕೆಳಗೆ ಮುಚ್ಚಿದ ಪೆಟ್ಟಿಗೆ ಇದ್ದರೆ ಪೆಟ್ಟಿಗೆಯ ಬದಿಗಳಿಗೂ ತೂತು ಬೇಕು, ಇಲ್ಲದಿದ್ದರೆ ಗಾಳಿ ಹೋಗೋದೆಲ್ಲಿಗೆ? ಹೊಸ ಪ್ಲೈ ತರುವುದಾದರೆ ಅದರ ಮೇಲಿನ ಮುದ್ರೆ ಓದಿ. ಐಎಸ್ 303 (ಮಾಮೂಲಿ ಪ್ಲೈವುಡ್‌ನ ಭಾರತೀಯ ಮಾನಕ) ಅಂತಿದ್ದರೆ ಅದರಲ್ಲಿ ಬರೀ ತೇವ ತಡೆಯುವ ಎಂಆರ್ ಬೇಡ, ಕುದಿಯುವ ನೀರನ್ನೂ ತಡೆಯುವ ಬಿಡಬ್ಲ್ಯುಆರ್ ತನ್ನಿ. ಐಎಸ್ 710 ಮರೈನ್ ಪ್ಲೈ ಇನ್ನೂ ಗಟ್ಟಿ, ದುಬಾರಿ. ಇಷ್ಟಾಗಿ, ಹಾಸಿಗೆ ಬಂದಾಗಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ ಅಂತಾದರೆ ಮೊದಲು ಅದನ್ನು ಹರಿದು ಹಾಕಿ.

ಪ್ರಶ್ನೆ (ಡಲ್ಲಾಸ್): ಇಲ್ಲಿ ಅಂಗಡಿಯಲ್ಲಿ ಹಾಸಿಗೆ ಜೊತೆ ಬಾಕ್ಸ್ ಸ್ಪ್ರಿಂಗ್ (ಹಾಸಿಗೆಯ ಕೆಳಗಿಡುವ, ಬಟ್ಟೆ ಹೊದಿಸಿದ ಪೆಟ್ಟಿಗೆ) ತಗೊಳ್ಳಿ ಅಂತ ಒತ್ತಾಯ ಮಾಡ್ತಾರೆ. ಹಾಸಿಗೆ ಫೋಮ್. ಬೇಕಾ?

ಉತ್ತರ: ಬೇಡ. ಅದು ಹಳೆ ಕಾಲದ ಸ್ಪ್ರಿಂಗ್ ಹಾಸಿಗೆಗಳಿಗೆ ಜೊತೆಯಾಗಿ ಬಂದದ್ದು. ಒಳಗೆ ನಿಜವಾಗಿ ಸ್ಪ್ರಿಂಗ್ ಇದ್ದರೆ ಫೋಮ್ ಅದರ ಜೊತೆಗೇ ತಗ್ಗುತ್ತೆ. ಸಂದು ಕಮ್ಮಿ ಇರುವ ಪಟ್ಟಿ ಮಂಚ ಸಾಕು.

ಪ್ರಶ್ನೆ (ಹಾಸನ): ಅಮ್ಮನಿಗೆ ಮಂಡಿನೋವು. 4 ಇಂಚಿನ ಕಾಯರ್ ಹಾಸಿಗೆ ತೆಗೆದು 8 ಇಂಚಿನದು ಹಾಕಬೇಕು ಅಂತಿದ್ದೇವೆ. ಮಂಚ ಅದೇ ಇರಲಿ ಅಂತಾರೆ ಅಮ್ಮ.

ಉತ್ತರ: ಅಮ್ಮ ಕುರ್ಚಿಯಲ್ಲಿ ಪಾದ ಊರಿ ಕೂತಾಗ ನೆಲದಿಂದ ಮಂಡಿಯ ಹಿಂಬದಿಗೆ ಎಷ್ಟು ಎತ್ತರ ಅಂತ ಅಳೆಯಿರಿ. ಹಾಸಿಗೆಯ ಅಂಚಿನಲ್ಲಿ ಕೂತು ಅದು ಅದುಮಿದ ಮೇಲೂ ಎತ್ತರ ಅಷ್ಟೇ ಇರಬೇಕು, ಒಂದು ಇಂಚು ಹೆಚ್ಚಿದ್ದರೆ ಏಳೋದಕ್ಕೆ ಇನ್ನೂ ಸಲೀಸು. ಪಾದ ನೆಲ ಬಿಟ್ಟು ಜೋತಾಡುವಷ್ಟು ಎತ್ತರವಾದರೆ ಬೀಳುವ ಭಯ. ಹಲಗೆ 14 ಇಂಚು ಎತ್ತರದಲ್ಲಿದ್ದರೆ 8 ಇಂಚಿನ ಹಾಸಿಗೆ ಹಾಕಿದಾಗ 22 ಆಗುತ್ತೆ, ಗಿಡ್ಡ ಇರುವವರಿಗೆ ಅದು ಹೆಚ್ಚೇ. ಮರದ ಕಾಲಾದರೆ ಕೆಳಗಿಂದ ಕೊಯ್ಸಿ, ನಾಲ್ಕೂ ಸಮ ಇರುವ ಹಾಗೆ. ಎತ್ತರ ಸಾಲದೆ ಇದ್ದರೆ ಇಟ್ಟಿಗೆ ಕೊಡಬೇಡಿ, ಜಾರುತ್ತೆ. ಕುಳಿ ತೋಡಿದ ಮರದ ಗುಜ್ಜು ಮಾಡಿಸಿ, ಕಾಲು ಅದರೊಳಗೆ ಕೂರಬೇಕು.

ಪ್ರಶ್ನೆ (ಗದಗ): ಅಜ್ಜನ ನವಾರದ ಮಂಚ ಐತ್ರಿ, 36 ಇಂಚು ಅಗಲ. ಅದರ ಮ್ಯಾಲೆ ಫೋಮ್ ಹಾಸಿಗಿ ಹಾಕಬಹುದಾ?

ಉತ್ತರ: ನವಾರ ಎಷ್ಟೇ ಬಿಗಿದರೂ ಜೋಲುತ್ತೆ, ಫೋಮ್ ಅದರ ಆಕಾರಕ್ಕೇ ಬಗ್ಗುತ್ತೆ, ಬೆನ್ನು ಹಿಡಿಯುತ್ತೆ. ಮೇಲೆ ಹಲಗೆ ಹಾಕಿದರೆ ಹೊಂದೀತು, ಆದರೆ ಹಲಗೆ ಎರಡೂ ಬದಿಯ ಚೌಕಟ್ಟಿನ ಮೇಲೆ ಕೂರಬೇಕು, ನವಾರದ ಮೇಲಲ್ಲ. ಕೆಳಗೆ ಅಡ್ಡ ರೀಪು ಎರಡು ಹೊಡೆಸಿ. ನನ್ನನ್ನು ಕೇಳಿದರೆ ನವಾರಕ್ಕೆ ತೆಳು ಹತ್ತಿ ಹಾಸಿಗೆಯೇ ಒಪ್ಪುತ್ತೆ. ಅಂಗಳಕ್ಕೆ ಹೊತ್ತು ತಂದು ಬಿಸಿಲಿಗೂ ಹಾಕಬಹುದು. ಫೋಮ್‌ಗೆ, ಲ್ಯಾಟೆಕ್ಸ್‌ಗಂತೂ, ಖಾರ ಬಿಸಿಲು ಆಗಿಬರಲ್ಲ.