ಎರಡು ಸಂಸ್ಥೆಗಳ ಮಕ್ಕಳ ಪಟ್ಟಿ ಹೋಲಿಸಬೇಕು, ಹ್ಯಾಶ್ ಹೊಂದುತ್ತಿಲ್ಲ

ಸಂಜೆಪಾಠ_ಬನಶಂಕರಿ
ನಮಸ್ಕಾರ. ನಾವೊಂದಷ್ಟು ಜನ ಸೇರಿ ಬನಶಂಕರಿ ಹತ್ತಿರ ಮಕ್ಕಳಿಗೆ ಸಂಜೆ ಪಾಠ ಮಾಡುತ್ತೇವೆ. ಅದೇ ಏರಿಯಾದಲ್ಲಿ ಇನ್ನೊಂದು ಸಂಸ್ಥೆ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡುತ್ತದೆ. ನಮ್ಮ ಮಕ್ಕಳಲ್ಲಿ ಯಾರ ಪರೀಕ್ಷೆ ಬಾಕಿ ಇದೆ ಅಂತ ತಿಳಿಯಬೇಕು. ಹೆಸರು, ನಂಬರ್ ಹಾಗೇ ಕೊಡುವುದು ಬೇಡ ಅಂತ ಇಬ್ಬರೂ ಮಗುವಿನ ಹೆಸರು ಮತ್ತು ಪೋಷಕರ ಫೋನ್ ಸೇರಿಸಿ ಶಾ-256 ಹ್ಯಾಶ್ ಮಾಡಿದೆವು, ಅಂದರೆ ನೋಡಿದರೆ ಮೂಲ ಮಾಹಿತಿ ತಿಳಿಯದಂಥ ಸಂಕೇತದ ಸಾಲಾಗಿ ಬದಲಿಸಿದೆವು. ನಮ್ಮ ಪಟ್ಟಿಯಲ್ಲಿ 312 ಮಕ್ಕಳು. ಹೊಂದಿದ್ದು 9 ಮಾತ್ರ! ಅವರು ಕೊಟ್ಟ ಕನ್ನಡಕ ಹಾಕಿಕೊಂಡು ಬರುವ ಮಕ್ಕಳೇ ಮೂವತ್ತಕ್ಕಿಂತ ಜಾಸ್ತಿ ಇದ್ದಾರೆ. ಎಲ್ಲಿ ತಪ್ಪಿದೆ?

ಅಕ್ಷರಯಂತ್ರ
ಒಂದು ಸ್ಪೇಸ್ ಹೆಚ್ಚುಕಡಿಮೆಯಾದರೂ ಹ್ಯಾಶ್ ಪೂರ್ತಿ ಬೇರೆ ಬರುತ್ತದೆ ಸರ್. ಫೋನ್ ಮುಂದೆ ಒಬ್ಬರು 91 ಹಾಕಿರುತ್ತಾರೆ, ಒಬ್ಬರು ಸೊನ್ನೆ. ಕೊನೆಯ 10 ಅಂಕಿ ಮಾತ್ರ ಇಟ್ಟುಕೊಳ್ಳಿ.

ಹೆಸರುಗಳು ಕನ್ನಡದಲ್ಲಿವೆಯಾ? ಹಾಗಿದ್ದರೆ ಅಲ್ಲೇ ಜಾಸ್ತಿ ತೊಂದರೆ. ‘ರಾಜ್‌ಕುಮಾರ್’ ಅಂತ ಟೈಪ್ ಮಾಡುವಾಗ ‘ಜ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ‘ಗೋಪಾಲ’ದ ಓತ್ವ ಒಂದು ಕಡೆ ಒಂದೇ ಸಂಕೇತ, ಇನ್ನೊಂದು ಕಡೆ ಮೂರು ತುಂಡು. ನೋಡಲು ಎರಡೂ ಒಂದೇ. ಇಂಥ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ವಿಧಾನವೇ ಎನ್‌ಎಫ್‌ಸಿ. ಎನ್‌ಎಫ್‌ಸಿ ಮಾಡಿ, ಕಾಣದ ಅಕ್ಷರ ತೆಗೆದು, ಆಮೇಲೆ ಹ್ಯಾಶ್ ಮಾಡಿ. ಇನಿಷಿಯಲ್ ಕೂಡ ತೆಗೆಯಿರಿ. ‘ಕೆ. ಮಂಜುಳಾ’, ‘ಮಂಜುಳಾ ಕೆ.’ ಎರಡೂ ಒಬ್ಬಳೇ ಹುಡುಗಿ ಅಲ್ವಾ?

ಸಂಜೆಪಾಠ_ಬನಶಂಕರಿ
ಈಗಷ್ಟೇ ಕೇಳಿದೆ. ಅವರ ಪಟ್ಟಿಯ ಬಹುಪಾಲು ಹಳೇ ನುಡಿ ಫಾಂಟ್‌ನಲ್ಲಿದೆಯಂತೆ. ಹೆಸರು ಬಿಟ್ಟು ಬರೀ ಫೋನ್ ನಂಬರ್ ಹ್ಯಾಶ್ ಮಾಡಿದರೆ ಸುಲಭ ಅಲ್ವಾ?

ಅಕ್ಷರಯಂತ್ರ
ಸಿಕ್ಕಿತು ನೋಡಿ! ಹಳೇ ನುಡಿ ಅಕ್ಷರ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಚಿಹ್ನೆ ಉಳಿಯುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಸಿ.

ಬರೀ ಫೋನ್ ಮಾತ್ರ ದಯವಿಟ್ಟು ಬೇಡ. ಅಣ್ಣತಂಗಿಯರಿಗೆಲ್ಲ ಅಮ್ಮನ ನಂಬರ್ ಒಂದೇ ಇರುತ್ತದೆ, ಇಬ್ಬರೂ ಒಬ್ಬರಾಗಿಬಿಡುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಮ್ಮ ಮೊಬೈಲ್ ನಂಬರ್ 6ರಿಂದ 9ರೊಳಗೆ ಶುರುವಾಗುತ್ತದೆ. ಒಟ್ಟು ಸಾಧ್ಯತೆ 400 ಕೋಟಿ. ಕಂಪ್ಯೂಟರ್‌ಗೆ ಅದು ಏನೂ ಅಲ್ಲ. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿದರೆ ಯಾರ ನಂಬರ್ ಅಂತ ಬಯಲಾಗುತ್ತದೆ.

ಗುಟ್ಟಿನ ಕೀಲಿ ಸೇರಿಸುವ ಎಚ್‌ಮ್ಯಾಕ್ ಬಳಸಿ. ಕೀಲಿ ನಿಮ್ಮಿಬ್ಬರ ಹತ್ತಿರ ಇರಲಿ. ಹೋಲಿಸುವ ಕೆಲಸ ಮೂರನೆಯವರಿಗೆ ಕೊಡಿ, ಕೀಲಿ ಅವರಿಗೆ ಬೇಡ. ಯಾವ ಯಾವ ಸಾಲು ಹೊಂದಿತು ಅಂತ ಮಾತ್ರ ಅವರು ಹೇಳಿದರೆ ಸಾಕು. ಈಗಾಗಲೇ ಕಳಿಸಿದ ಫೈಲ್ ಎರಡೂ ಕಡೆ ಅಳಿಸಿ.

ಕಾಯ್ದೆ_ಗೆಳತಿ
ಇಷ್ಟೆಲ್ಲ ಮಾಡುವ ಮುಂಚೆ ಪೋಷಕರನ್ನು ಕೇಳಿದ್ದೀರಾ? ಪಾಠಕ್ಕೆ ಅಂತ ಕೊಟ್ಟ ನಂಬರ್ ಅದು, ಕಣ್ಣಿನ ಪರೀಕ್ಷೆಗೆ ಅಂತ ಅಲ್ಲ. ಹ್ಯಾಶ್ ಮಾಡಿದರೂ ಅದು ಆ ಮಗುವಿನ ಮಾಹಿತಿಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದನ್ನು ಖಚಿತಪಡಿಸಿಕೊಳ್ಳುವಂತೆಯೂ ಇರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ ನಿಜ, ಆದರೆ ಅಲ್ಲಿಯವರೆಗೆ ಸುಮ್ನೆ ಕೂರುವುದು ಸರಿಯಲ್ಲ. ನೋಟಿಸನ್ನು ಕನ್ನಡದಲ್ಲಿ ಓದುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಹಾಗಾಗಿ ಇಂಗ್ಲಿಷ್ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ.

ಏನು ಕೊಡುತ್ತೀರಿ, ಯಾತಕ್ಕೆ, ಯಾವಾಗ ಅಳಿಸುತ್ತೀರಿ ಅಂತ ನೀವಿಬ್ಬರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಅಳಿಸುವ ತಾರೀಖು ಮರೆಯಬೇಡಿ.

ಸಂಜೆಪಾಠ_ಬನಶಂಕರಿ
ಮೂರು ವಾರ ಆಯಿತು, ಬಂದು ಹೇಳಲೇಬೇಕು ಅನ್ನಿಸಿತು. ಭಾನುವಾರ ಪೋಷಕರನ್ನು ಕರೆದು ಕನ್ನಡದಲ್ಲಿ ಓದಿ ಹೇಳಿದೆವು. 268 ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. ಉಳಿದವರ ಹೆಸರು ತೆಗೆದುಬಿಟ್ಟೆವು. ಆ ಸಂಸ್ಥೆಯವರೂ ತಮ್ಮ ಕಡೆಯ ಪೋಷಕರ ಒಪ್ಪಿಗೆ ಪಡೆದರು. ಒಬ್ಬ ತಾಯಿ, ‘ಮೊದಲ ಸಲ ಯಾರೋ ನಮ್ಮನ್ನ ಕೇಳಿದ್ರು’ ಅಂದರು. ಅದನ್ನು ಕೇಳಿ ಮನಸ್ಸು ತುಂಬಿ ಬಂತು.

ನುಡಿ ಬದಲಿಸಿ, ಎನ್‌ಎಫ್‌ಸಿ ಮಾಡಿ, ಕೀಲಿ ಹಾಕಿದ ಮೇಲೆ 171 ಹೊಂದಿತು. ಬಾಕಿ 97 ಮಕ್ಕಳಿಗೆ ಈ ಶನಿವಾರ ಪರೀಕ್ಷೆ. ಹೋಲಿಕೆಯ ಫೈಲ್ ನಿನ್ನೆ ಅಳಿಸಿದೆವು. ಇಬ್ಬರಿಗೂ ಧನ್ಯವಾದ.